ನಾಲಿಗೆ ಮುಟ್ಟದ ಕೂದಲು

ದಾವಣಗೆರೆಯಲ್ಲಿರುವ ನನ್ನ ತಂಗಿ ಹೋದ ವರ್ಷ ಒಂದು ಪರ್ಷಿಯನ್ ಬೆಕ್ಕಿನ ಮರಿ ತಂದಳು. ಹಾಲಿನ ಕೆನೆಯ ಬಣ್ಣ, ಮೈತುಂಬ ಕೂದಲು. ಅಮ್ಮ ನೋಡಿದವರೇ "ಅಯ್ಯೋ, ಅರಳೆ ಉಂಡೆ ಇದ್ದಂಗಿದೆ" ಅಂದರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು ಅದು. ಮರಿಗೆ ಅರಳೆ ಎಂಬ ಹೆಸರೇ ನಿಂತಿತು.

ನಾಲ್ಕು ತಿಂಗಳು ಬಿಟ್ಟು ನಾನು ಹೋದಾಗ ಅರಳೆ ತೊಡೆ ಮೇಲೆ ಬಂದು ಮಲಗಿದಳು. ಕಿವಿ ಹಿಂದೆ ಸವರಿದೆ. ಹುಣಸೆ ಬೀಜದಷ್ಟು ಗಟ್ಟಿಯಾದ ಏನೋ ಬೆರಳಿಗೆ ಸಿಕ್ಕಿತು. ಗಡ್ಡೆಯೇನೋ ಎಂದು ಹೆದರಿದೆ. ಕೂದಲು ಸರಿಸಿ ನೋಡಿದರೆ ಸಿಕ್ಕು. ಮುಂಗಾಲಿನ ಕಂಕುಳಲ್ಲಿ ಇನ್ನೊಂದಿತ್ತು, ಅಡಿಕೆಯಷ್ಟು ದೊಡ್ಡದು. ಅದನ್ನು ಮುಟ್ಟಿದ್ದೇ ತಡ, ಚೀರಿ ಇಳಿದು ಓಡಿದಳು.

"ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತಲ್ಲ ಅಕ್ಕ, ಮತ್ತೆ ನಾವ್ಯಾಕೆ ಬಾಚಬೇಕು?" ಎಂದಳು ತಂಗಿ.

ಒಳ್ಳೆಯ ಪ್ರಶ್ನೆ. ಉದ್ದ ಕೂದಲಿನ ಮರಿ ಕೊಳ್ಳುವ ಆಸೆಯಿರುವವರೆಲ್ಲ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಉತ್ತರ ಬೆಕ್ಕಿನ ನಾಲಿಗೆಯಲ್ಲಿದೆ.

ಬೆಕ್ಕು ಕೈ ನೆಕ್ಕಿದರೆ ಒರಟು ಒರಟಾಗಿರುತ್ತದೆ, ಅಲ್ವಾ? ನಾಲಿಗೆಯ ಮೇಲೆ ನೂರಾರು ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್‌ನಿಂದ ಆದ ಮುಳ್ಳುಗಳು. ಎಲ್ಲವೂ ಗಂಟಲಿನ ಕಡೆಗೆ ಬಾಗಿರುತ್ತವೆ. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಈ ಮುಳ್ಳುಗಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮನೆ ಬೆಕ್ಕಿನಿಂದ ಹಿಡಿದು ಹುಲಿ, ಸಿಂಹದವರೆಗೆ ಆರು ಬಗೆಯ ಬೆಕ್ಕಿನ ಜಾತಿಯ ಪ್ರಾಣಿಗಳ ನಾಲಿಗೆ ಅವರ ಕೈಲಿತ್ತು. ಮುಳ್ಳಿನ ತುದಿ ಚೂಪಾಗಿ ಮುಗಿಯುವುದಿಲ್ಲ, ಚಮಚದ ಹಾಗೆ ತೋಡಿಕೊಂಡಿದೆ ಎಂದು ಅವರು ಕಂಡರು. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ ಆ ತೋಡು ಎಂಜಲನ್ನು ಏರಿಸಿಕೊಳ್ಳುತ್ತದೆ. ಬೆಕ್ಕು ನಾಲಿಗೆ ಒತ್ತಿ ನೆಕ್ಕಿದಾಗ ಕೂದಲು ಚಪ್ಪಟೆಯಾಗುತ್ತದೆ, ಮುಳ್ಳು ಅದನ್ನು ದಾಟಿ ಚರ್ಮಕ್ಕೆ ತಾಗುತ್ತದೆ, ಎಂಜಲು ಬುಡದವರೆಗೂ ಹೋಗುತ್ತದೆ. ಕೊಳೆ ಹೋಗುತ್ತದೆ, ಉದುರಿದ ಕೂದಲು ಬರುತ್ತದೆ, ಮೈಯೂ ತಂಪಾಗುತ್ತದೆ.

ಅಚ್ಚರಿಯೆಂದರೆ ಈ ಮುಳ್ಳಿನ ಎತ್ತರ ಹುಲಿಯಲ್ಲೂ ಬೆಕ್ಕಿನಲ್ಲೂ ಹೆಚ್ಚುಕಮ್ಮಿ ಒಂದೇ, ಎರಡು ಮಿಲಿಮೀಟರಿಗಿಂತ ಚೂರು ಜಾಸ್ತಿ. ಅಷ್ಟು ಸಾಕು. ಅವರು ನೋಡಿದ ಕಾಡಿನ ಬೆಕ್ಕುಗಳಲ್ಲಿ ಯಾವುದರ ಕೂದಲೂ ಒತ್ತಿದಾಗ ಅದಕ್ಕಿಂತ ದಪ್ಪ ಉಳಿಯುವುದಿಲ್ಲ. ಈ ಲೆಕ್ಕ ತಪ್ಪುವುದು ಪರ್ಷಿಯನ್ ಬೆಕ್ಕಿನಲ್ಲಿ. ಅದರ ಕೂದಲು ಎಷ್ಟು ಒತ್ತಿದರೂ ಮುಳ್ಳಿಗಿಂತ ದಪ್ಪವೇ. ನಾಲಿಗೆ ಮೇಲ್ಮೇಲೆ ಜಾರುತ್ತದೆ, ಚರ್ಮ ಮುಟ್ಟುವುದೇ ಇಲ್ಲ.

ಅರಳೆ ಸೋಮಾರಿಯಲ್ಲ. ಅವಳೂ ಬೇರೆ ಬೆಕ್ಕುಗಳ ಹಾಗೆ ಗಂಟೆಗಟ್ಟಲೆ ನೆಕ್ಕಿಕೊಳ್ಳುತ್ತಾಳೆ. ಆದರೆ ಅವಳ ಕೈಲಿರುವ ಬಾಚಣಿಗೆ ಅವಳ ಕೂದಲಿಗೆ ಸಾಲುವುದಿಲ್ಲ. ಅಂಥ ಕೂದಲನ್ನು ಅವಳಿಗೆ ಕೊಟ್ಟವರು ಮನುಷ್ಯರು.

ಹೇಗೆ ಕೊಟ್ಟೆವು? ಕೂದಲು ಬೆಳೆಯುತ್ತದೆ, ನಿಲ್ಲುತ್ತದೆ, ಉದುರುತ್ತದೆ, ಅದೇ ಬುಡದಿಂದ ಹೊಸದು ಬರುತ್ತದೆ. "ಸಾಕು, ಇನ್ನು ನಿಲ್ಲಿಸು" ಎಂದು ಕೂದಲಿನ ಬುಡಕ್ಕೆ ಹೇಳುವುದು ಎಫ್‌ಜಿಎಫ್5 ಎಂಬ ಜೀನ್ ತಯಾರಿಸುವ ಪ್ರೋಟೀನ್. ಈ ಜೀನ್ ಕೆಟ್ಟರೆ ನಿಲ್ಲಿಸು ಎನ್ನುವ ಮಾತು ತಡವಾಗುತ್ತದೆ, ಕೂದಲು ಉದ್ದ ಬೆಳೆಯುತ್ತದೆ. ಬೆಕ್ಕುಗಳಲ್ಲಿ ಇದು 2007ರಲ್ಲಿ ಗೊತ್ತಾಯಿತು. ನಾಯಿಗಳ ಉದ್ದ ಕೂದಲಿನ ಹಿಂದೆಯೂ ಇದೇ ಜೀನ್ ಇದೆ. ಉದ್ದ ಕೂದಲು ಬರಬೇಕಾದರೆ ತಾಯಿಯಿಂದಲೂ ತಂದೆಯಿಂದಲೂ ಕೆಟ್ಟ ಪ್ರತಿಯೇ ಬರಬೇಕು. ಪರ್ಷಿಯನ್ ಬೆಕ್ಕಿಗೂ ನಮ್ಮ ಬೀದಿ ಬೆಕ್ಕಿಗೂ ಹುಟ್ಟಿದ ಮರಿಗಳು ಸಾಮಾನ್ಯವಾಗಿ ಗಿಡ್ಡ ಕೂದಲಿನವೇ ಆಗಿರುವುದು ಅದಕ್ಕೇ.

ಇಂಥ ಬೆಕ್ಕುಗಳ ಬಗ್ಗೆ ಯುರೋಪಿಗೆ ಬರೆದು ತಿಳಿಸಿದ ಮೊದಲಿಗರಲ್ಲಿ ಒಬ್ಬ ನಮ್ಮ ನಾಡಿಗೂ ಬಂದಿದ್ದವನು. ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆ. 1620ರಲ್ಲಿ ಅವನು ಪರ್ಷಿಯಾದಲ್ಲಿ, ಅಂದರೆ ಈಗಿನ ಇರಾನಿನಲ್ಲಿದ್ದ. ಖೊರಾಸಾನಿನ ಬೂದು ಬಣ್ಣದ, ರೇಷ್ಮೆಯಂಥ ಉದ್ದ ಕೂದಲಿನ ಬೆಕ್ಕುಗಳಿಗೆ ಮನಸೋತು ಪತ್ರ ಬರೆದ. ಮೂರು ವರ್ಷದ ಮೇಲೆ ಅದೇ ಮನುಷ್ಯ ಇಕ್ಕೇರಿಯಲ್ಲಿದ್ದ, ವೆಂಕಟಪ್ಪ ನಾಯಕನ ಆಸ್ಥಾನ ನೋಡುತ್ತ. ಉಳ್ಳಾಲದ ರಾಣಿಯನ್ನು ಕಂಡು ಬರೆದವನೂ ಅವನೇ. ಕೆಳದಿಯ ಇತಿಹಾಸ ಓದುವವರಿಗೆ ಅವನ ಹೆಸರು ಗೊತ್ತಿರುತ್ತದೆ.

ಆದರೆ ಈಗ ಮಾರುವ ಪರ್ಷಿಯನ್ ಬೆಕ್ಕು ಆ ಖೊರಾಸಾನಿನ ಬೆಕ್ಕಲ್ಲ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹ್ಯಾರಿಸನ್ ವಿಯರ್ ಎಂಬವರು ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿದರು. ಅಲ್ಲಿಂದ ಮುಂದೆ ಬಹುಮಾನಕ್ಕಾಗಿ ಬೆಕ್ಕು ಸಾಕುವುದು ಶುರುವಾಯಿತು. ಇನ್ನೂ ಉದ್ದ ಕೂದಲು, ಇನ್ನೂ ದುಂಡು ತಲೆ, ಇನ್ನೂ ಚಿಕ್ಕ ಮೂಗು. ಇಂದಿನ ಪರ್ಷಿಯನ್ ಬೆಕ್ಕಿನ ಡಿಎನ್‌ಎ ಇರಾನಿನ ಬೆಕ್ಕುಗಳಿಗಿಂತ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರ ಎಂದು 2008ರ ಒಂದು ಅಧ್ಯಯನ ತೋರಿಸಿತು.

ನಮ್ಮಲ್ಲಿ ಮರಿ ಮಾರುವವರ ಬಾಯಲ್ಲಿ ಕೆಲವು ಮಾತು ಸದಾ ಇರುತ್ತವೆ. ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್, ಟ್ರಿಪಲ್ ಕೋಟ್. ಟ್ರಿಪಲ್ ಕೋಟ್ ಎಂದರೆ ಬೇರೆ ತಳಿಯೇನಲ್ಲ. ಬೆಕ್ಕಿನ ಮೈಯಲ್ಲಿ ಮೂರು ಬಗೆಯ ಕೂದಲಿರುವುದು ಮಾಮೂಲಿ. ಎರಡು ತಿಂಗಳ ಮರಿಯ ತುಪ್ಪಳದಂಥ ಕೂದಲು ನೋಡಿ ದೊಡ್ಡದಾದ ಮೇಲೆ ಹೇಗಿರುತ್ತದೆ ಎಂದು ಹೇಳಲೂ ಆಗುವುದಿಲ್ಲ. ಆ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ.

ಮುಖದ ಮಾತು ಮಾತ್ರ ಸುಮ್ನೆ ಬಿಡುವಂಥದ್ದಲ್ಲ. ಡಾಲ್ ಫೇಸ್ ಎಂದರೆ ಮೂಗು ಸ್ವಲ್ಪವಾದರೂ ಮುಂದೆ ಬಂದಿರುವ ಮುಖ. ಪಂಚ್ ಫೇಸ್ ಎಂದರೆ ಗುದ್ದಿದ ಹಾಗೆ ಒಳಗೆ ಹೋದ ಮುಖ, ಮೂಗು ಎರಡು ಕಣ್ಣುಗಳ ನಡುವೆ ಬಂದು ಕೂತಿರುತ್ತದೆ. ಬೆಲೆ ಜಾಸ್ತಿ ಇದಕ್ಕೇ. ತಲೆಬುರುಡೆ ಮೊಟಕಾದರೂ ಒಳಗಿರುವ ಮಾಂಸ, ನಾಳ, ಹಲ್ಲು ಅದಕ್ಕೆ ತಕ್ಕಂತೆ ಕಡಿಮೆಯಾಗುವುದಿಲ್ಲ. ಕಣ್ಣೀರನ್ನು ಮೂಗಿಗೆ ಇಳಿಸುವ ನಾಳ ಡೊಂಕಾಗುತ್ತದೆ, ನೀರು ಕೆನ್ನೆ ಮೇಲೆಯೇ ಹರಿದು ಕಂದು ಕಲೆ ಕಟ್ಟುತ್ತದೆ. ಮೂಗಿನ ಹೊಳ್ಳೆ ಸೀಳಿನಷ್ಟು ಸಣ್ಣದಾಗುತ್ತದೆ. ಮೇಲಿನ ಕೆಳಗಿನ ಹಲ್ಲು ಕೂಡುವುದಿಲ್ಲ. ಮರಿ ಮಲಗಿದ್ದಾಗ ಕಿವಿ ಹತ್ತಿರ ಇಟ್ಟು ಕೇಳಿ. ಗೊರಕೆ ಮುದ್ದಾಗಿ ಕೇಳಿಸಬಹುದು. ಆದರೆ ಅದು ಗಾಳಿಗೆ ದಾರಿ ಸಾಲದೆ ಬರುವ ಸದ್ದು. ನನ್ನನ್ನು ಕೇಳಿದರೆ ಪಂಚ್ ಫೇಸ್ ಮರಿಯನ್ನು ಯಾರೂ ಕೊಳ್ಳಬಾರದು. ಕೊಳ್ಳುವವರಿರುವ ತನಕ ಅಂಥ ಮರಿಗಳನ್ನು ಹುಟ್ಟಿಸುತ್ತಲೇ ಇರುತ್ತಾರೆ.

ಮುಖದ ತೊಂದರೆ ಕಣ್ಣಿಗೆ ಕಾಣುತ್ತದೆ. ಕಿಡ್ನಿಯದು ಕಾಣುವುದಿಲ್ಲ.

ಪರ್ಷಿಯನ್ ಬೆಕ್ಕುಗಳಲ್ಲಿ ಒಂದು ವಂಶವಾಹಿ ಕಾಯಿಲೆ ಇದೆ. ಪಾಲಿಸಿಸ್ಟಿಕ್ ಕಿಡ್ನಿ ಡಿಸೀಸ್, ಚಿಕ್ಕದಾಗಿ ಪಿಕೆಡಿ ಅನ್ನುತ್ತಾರೆ. ಕಿಡ್ನಿಯೊಳಗೆ ಹುಟ್ಟಿನಿಂದಲೇ ನೀರು ತುಂಬಿದ ಸಣ್ಣ ಗುಳ್ಳೆಗಳಿರುತ್ತವೆ. ವರ್ಷ ಹೋದಂತೆ ಅವು ಹಿಗ್ಗುತ್ತವೆ, ಕೆಲಸ ಮಾಡುವ ಕಿಡ್ನಿಯ ಭಾಗ ಕುಗ್ಗುತ್ತದೆ. ಬೆಕ್ಕು ಐದಾರು ವರ್ಷ ಚೆನ್ನಾಗಿಯೇ ಇರಬಹುದು. ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ತೂಕ ಇಳಿಯುತ್ತದೆ, ನೀರು ಜಾಸ್ತಿ ಕುಡಿಯುತ್ತದೆ, ಊಟ ಬಿಡುತ್ತದೆ. ಮನೆಯವರಿಗೆ ಆಗ ಗೊತ್ತಾಗುತ್ತದೆ. ಇದಕ್ಕೆ ಕಾರಣವಾದ ದೋಷವನ್ನು 2004ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಲೆಸ್ಲಿ ಲಯನ್ಸ್ ಅವರ ತಂಡ ಪಿಕೆಡಿ1 ಎಂಬ ಜೀನ್‌ನಲ್ಲಿ ಗುರುತಿಸಿತು. ಒಂದೇ ಒಂದು ಅಕ್ಷರ ಬದಲಾಗಿದೆ. ಅಷ್ಟಕ್ಕೇ ಪ್ರೋಟೀನ್ ಅರ್ಧಕ್ಕೆ ನಿಂತುಬಿಡುತ್ತದೆ. ಮನುಷ್ಯರಲ್ಲಿ ಮನೆತನದಲ್ಲಿ ಹರಿದು ಬರುವ ಕಿಡ್ನಿ ಗುಳ್ಳೆ ಕಾಯಿಲೆಗೂ ಹೆಚ್ಚಾಗಿ ಇದೇ ಜೀನ್ ಕಾರಣ.

ಕೂದಲಿನ ಜೀನ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಒಂದು ಕೆಟ್ಟ ಪ್ರತಿ ಸಾಕು. ತಾಯಿಗೋ ತಂದೆಗೋ ಯಾರಾದರೊಬ್ಬರಿಗೆ ಇದ್ದರೆ ಮರಿಗಳಲ್ಲಿ ಅರ್ಧದಷ್ಟಕ್ಕೆ ಬರುವ ಸಾಧ್ಯತೆ ಇರುತ್ತದೆ. ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ ಹಿಂದೆ ಸ್ಕ್ಯಾನ್ ಮಾಡಿ ನೋಡಿದಾಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪರ್ಷಿಯನ್ ಬೆಕ್ಕುಗಳಲ್ಲಿ ಗುಳ್ಳೆ ಕಂಡಿತ್ತು. ಆದರೆ ತಡೆಯುವುದು ಸುಲಭ. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಜೀವಕೋಶ ಸಾಕು, ಡಿಎನ್‌ಎ ಪರೀಕ್ಷೆ ಮಾಡಬಹುದು. ಹತ್ತು ತಿಂಗಳು ದಾಟಿದ ಬೆಕ್ಕಿನಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಕೂಡ ಚೆನ್ನಾಗಿ ತೋರಿಸುತ್ತದೆ. ಕಾಯಿಲೆ ಇರುವ ಬೆಕ್ಕಿನಿಂದ ಮರಿ ಮಾಡಿಸದಿದ್ದರೆ ಮುಂದಿನ ತಲೆಮಾರಿಗೆ ಅದು ಹೋಗುವುದೇ ಇಲ್ಲ. ಹಾಗಾಗಿ ಕೊಳ್ಳುವಾಗ ಬಣ್ಣ ಕೇಳುವ ಮೊದಲು ತಂದೆ ತಾಯಿಯ ಪಿಕೆಡಿ ರಿಪೋರ್ಟ್ ಕೇಳಿ. ಪೆಡಿಗ್ರಿ ಕಾಗದ ವಂಶಾವಳಿ ಹೇಳುತ್ತದೆ ಅಷ್ಟೇ. ಅದರಲ್ಲಿ ಅಜ್ಜಿ ತಾತಂದಿರ ಹೆಸರಿರುತ್ತದೆ, ಕಿಡ್ನಿ ಹೇಗಿದೆ ಎಂದು ಇರುವುದಿಲ್ಲ.

ತಂಗಿ ಇದ್ಯಾವುದನ್ನೂ ಕೇಳಿರಲಿಲ್ಲ. ಫೋನಿನಲ್ಲಿ ಫೋಟೊ ನೋಡಿದಳು, ಮಾರುವವರು ಬುಟ್ಟಿಯಲ್ಲಿ ಮರಿ ತಂದುಕೊಟ್ಟರು, ಎರಡು ತಿಂಗಳಾಗಿದೆ ಅಂದರು. ತಾಯಿ ಬೆಕ್ಕನ್ನು ಅವಳು ನೋಡಲೇ ಇಲ್ಲ. ಆಗ ಮರಿಯ ಕಣ್ಣು ಇನ್ನೂ ಮಸುಕು ನೀಲಿ. ಮೂರನೇ ದಿನ ಡಾಕ್ಟರ ಹತ್ತಿರ ತೂಗಿದರೆ ಆರುನೂರು ಗ್ರಾಂ ಇರಲಿಲ್ಲ. ಬೆಕ್ಕಿನ ಮರಿ ಹುಟ್ಟುವಾಗ ಸುಮಾರು ನೂರು ಗ್ರಾಂ ಇರುತ್ತದೆ, ಆಮೇಲೆ ವಾರಕ್ಕೆ ಸುಮಾರು ನೂರು ಗ್ರಾಂ ಹೆಚ್ಚುತ್ತದೆ. ನೀಲಿ ಕಣ್ಣು ಆರೇಳು ವಾರಕ್ಕೆ ಬಣ್ಣ ತಿರುಗಲು ಶುರುವಾಗುತ್ತದೆ. ಡಾಕ್ಟರು ಕಣ್ಣು, ಹಲ್ಲು, ತೂಕ ನೋಡಿ ಐದೂವರೆ, ಆರು ವಾರ ಇರಬಹುದು ಅಂದರು. ಅಡುಗೆಮನೆಯ ತಕ್ಕಡಿಯಲ್ಲೇ ಇಷ್ಟನ್ನು ನಾವೂ ನೋಡಬಹುದಿತ್ತು.

ಎರಡು ವಾರದ ವ್ಯತ್ಯಾಸ ದೊಡ್ಡದೇ? ಮರಿಗೆ ತುಂಬ ದೊಡ್ಡದು. ಕಚ್ಚಿದರೆ ಎಷ್ಟು ನೋಯುತ್ತದೆ, ಉಗುರು ಯಾವಾಗ ಒಳಗೆಳೆದುಕೊಳ್ಳಬೇಕು ಎಂದು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಜೊತೆ ಆಡುವಾಗ. ಫಿನ್ಲೆಂಡಿನಲ್ಲಿ ಸುಮಾರು 5,700 ಬೆಕ್ಕುಗಳ ಮಾಹಿತಿ ಕೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರೆಯಾದ ಬೆಕ್ಕುಗಳು ಮುಂದೆ ಹೆಚ್ಚು ಸಿಡುಕುತ್ತವೆ ಎಂದು ಅದು ಕಂಡಿತು. ಅವರ ಸಲಹೆ ಹದಿನಾಲ್ಕು ವಾರ ಕಾಯಿರಿ ಎಂದು. ನಮ್ಮ ದೇಶದ 2018ರ ಪೆಟ್ ಶಾಪ್ ನಿಯಮದ ಪ್ರಕಾರವೂ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಸಾಧ್ಯವಾದರೆ ಹನ್ನೆರಡು ವಾರವಾದರೂ ಕಾಯಿರಿ. ತಾಯಿಯ ಜೊತೆ ಇರುವಾಗಲೇ ಹೋಗಿ ನೋಡಿ. ತಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ತರಬೇಡಿ.

ಲಸಿಕೆಯ ವಿಷಯದಲ್ಲೂ ವಯಸ್ಸು ಮುಖ್ಯ. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣು ಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕ ಕಣಗಳು ಬರುತ್ತವೆ. ಅವು ಇರುವ ತನಕ ಚುಚ್ಚುಮದ್ದನ್ನೂ ವೈರಸ್ ಎಂದೇ ತಿಳಿದು ಹೊಡೆದುಹಾಕುತ್ತವೆ. ಯಾವ ವಾರ ಅವು ಖಾಲಿಯಾಗುತ್ತವೆ ಎನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ ಕೊಡುತ್ತಾರೆ. "ಒಂದು ಇಂಜೆಕ್ಷನ್ ಆಗಿದೆ" ಎಂದು ಮಾರುವವರು ಹೇಳಿದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಈ ಲಸಿಕೆ ತಡೆಯುವ ರೋಗಗಳಲ್ಲಿ ಮುಖ್ಯವಾದದ್ದು ಪ್ಯಾನ್‌ಲ್ಯುಕೋಪೀನಿಯಾ, ಬೆಕ್ಕಿನ ಪಾರ್ವೊ ವೈರಸ್ ತರುವ ಕಾಯಿಲೆ. ಕರುಳನ್ನೂ ಮೂಳೆಯ ಮಜ್ಜೆಯನ್ನೂ ಹಾಳುಮಾಡಿ ಮರಿಯನ್ನು ಎರಡು ಮೂರು ದಿನದಲ್ಲೇ ಕೊಲ್ಲಬಲ್ಲದು. ಅದರ ವೈರಸ್ ಮನೆಯ ಮೂಲೆಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಮೊದಲು ಸಾಕಿದ ಮರಿ ಇದರಿಂದ ಸತ್ತಿದ್ದರೆ ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ಆ ಮನೆಗೆ ತರಲೇಬೇಡಿ. ರೇಬಿಸ್ ಲಸಿಕೆ ಹನ್ನೆರಡು ವಾರ ತುಂಬಿದ ಮೇಲೆ.

ಹೊಸ ಮರಿಯನ್ನು ಮೊದಲ ಎರಡು ವಾರ ಒಂದೇ ಕೋಣೆಯಲ್ಲಿಡಿ. ಉದ್ದ ಕೂದಲಿನ ಬೆಕ್ಕುಗಳಲ್ಲಿ ಹುಳುಕಡ್ಡಿಯ ಶಿಲೀಂಧ್ರ ಕಣ್ಣಿಗೆ ಕಾಣದ ಹಾಗೆ ಕೂತಿರಬಹುದು, ಮಕ್ಕಳ ಕೈಗೆ, ಕತ್ತಿಗೆ ಹತ್ತಬಹುದು. ಡಾಕ್ಟರು ಕತ್ತಲೆ ಕೋಣೆಯಲ್ಲಿ ನೇರಳೆ ಬೆಳಕು ಬಿಟ್ಟು ನೋಡುತ್ತಾರೆ. ಸೋಂಕು ತಗುಲಿದ ಕೂದಲು ಹೆಚ್ಚಾಗಿ ಅದರಲ್ಲಿ ಹಸಿರಾಗಿ ಹೊಳೆಯುತ್ತದೆ.

ಊಟದ ಬಗ್ಗೆ ಒಂದೇ ಮಾತು. ಅಮ್ಮ ಮೊದಲು ಹಾಲನ್ನ ಹಾಕುತ್ತಿದ್ದರು, ನಮ್ಮೂರಲ್ಲಿ ಬೆಕ್ಕಿಗೆ ಅದೇ ರೂಢಿ. ಹಿಂದಿನ ಕಾಲದ ಬೆಕ್ಕು ಹಾಲನ್ನ ತಿಂದು ಹೊರಗೆ ಹೋಗಿ ಇಲಿ ಹಿಡಿಯುತ್ತಿತ್ತು, ಅದರ ನಿಜವಾದ ಊಟ ಇಲಿ. ಮನೆಯೊಳಗೇ ಇರುವ ಅರಳೆಗೆ ಇಲಿ ಎಲ್ಲಿ? ಟೌರಿನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು, ಅದು ಮಾಂಸದಿಂದಲೇ ಬರಬೇಕು. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಹೃದಯದ ಸಂಬಂಧ ಗೊತ್ತಾಗಿದ್ದು 1987ರಲ್ಲಿ. ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಟೌರಿನ್ ಹೆಚ್ಚಿಸಿದರು. ಮನೆಯಲ್ಲಿ ಮಾಂಸ ಬೇಯಿಸದವರು ಮರಿಗಳಿಗೆಂದೇ ಮಾಡಿದ ಆಹಾರ ತಂದು ಹಾಕಬಹುದು. ಅದೂ ಬೇಡ ಎನ್ನುವವರು ಮೊಲ ಸಾಕಲಿ, ಬೆಕ್ಕು ಬೇಡ.

ಇನ್ನೊಂದನ್ನು ಹೇಳದೆ ಇರಲಾರೆ. ಮರಿಗೆ ಜ್ವರ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಚೂರೂ ಕೊಡಬೇಡಿ. ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ಕೆಲಸ ಮಾಡುವುದಿಲ್ಲ, ಒಂದು ಮಾತ್ರೆ ಸಾಕು ಸಾಯಲು. ನಾಯಿಯ ಮೈಮೇಲಿನ ಉಣ್ಣಿ ಹುಳುವಿಗೆ ಹಾಕುವ ಪರ್ಮೆಥ್ರಿನ್ ಹನಿಯೂ ಹಾಗೇ.

ಸಿಕ್ಕಿನ ವಿಷಯಕ್ಕೆ ಬರುತ್ತೇನೆ. ಕೂದಲಿನ ಮೈ ನಮಗೆ ನಯವಾಗಿ ಕಂಡರೂ ಹಂಚು ಹೊದಿಸಿದ ಹಾಗೆ ಪದರ ಪದರವಾಗಿರುತ್ತದೆ. ಉದುರಿದ ಒಳಗೂದಲು ಮೇಲಿನ ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ, ಉಜ್ಜಿದಷ್ಟೂ ಪದರಕ್ಕೆ ಪದರ ಕೊಂಡಿ ಹಾಕಿಕೊಳ್ಳುತ್ತದೆ. ಒದ್ದೆಯಾದರೆ ಇನ್ನೂ ಬಿಗಿ. ಉಣ್ಣೆಯ ಬಟ್ಟೆಯನ್ನು ಬಿಸಿನೀರಲ್ಲಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಅದಕ್ಕೇ ಸಿಕ್ಕು ಬಿಡಿಸದೆ ಬೆಕ್ಕಿಗೆ ಸ್ನಾನ ಮಾಡಿಸಬಾರದು. ಕಿವಿ ಹಿಂದೆ, ಕಂಕುಳು, ತೊಡೆಸಂದಿ, ಬಾಲದ ಬುಡ, ಹೆಚ್ಚು ಉಜ್ಜುವ ಜಾಗಗಳು ಇವೇ. ಬಿಟ್ಟರೆ ಗಂಟು ಚರ್ಮವನ್ನೇ ಎಳೆಯುತ್ತದೆ, ಅಡಿಯಲ್ಲಿ ಬೆವೆತ ಹಾಗೆ ತೇವ ನಿಂತು ಹುಣ್ಣಾಗುತ್ತದೆ.

ಅವತ್ತು ತಂಗಿ ಕತ್ತರಿ ತಂದಳು. ನಾನು ಬೇಡ ಅಂದೆ. ಬೆಕ್ಕಿನ ಚರ್ಮ ತೆಳು, ಸಡಿಲ. ಗಂಟು ಎತ್ತಿದರೆ ಚರ್ಮವೂ ಜೊತೆಗೆ ಎದ್ದು ಬಂದು ಕತ್ತರಿಗೆ ಸಿಗುತ್ತದೆ. ಕಿವಿ ಹಿಂದಿನ ಗಂಟಿಗೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ಬೆರಳಲ್ಲೇ ಎಳೆ ಎಳೆಯಾಗಿ ಬಿಡಿಸಿದೆವು. ಅರ್ಧ ಗಂಟೆ ಹಿಡಿಯಿತು. ಕಂಕುಳಿನದನ್ನು ಮರುದಿನ ಡಾಕ್ಟರು ಮಷಿನ್‌ನಲ್ಲಿ ಬೋಳಿಸಿದರು. ಅಡಿಯಲ್ಲಿ ಚರ್ಮ ಕೆಂಪಗಾಗಿ, ರೂಪಾಯಿ ಅಗಲಕ್ಕೆ ರಸಿಗೆ ಸೋರುತ್ತಿತ್ತು. ತಂಗಿ ಅತ್ತಳು.

ಈಗ ದಿನವೂ ಬಾಚುತ್ತಾರೆ. ಮೊದಲು ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ, ಆಮೇಲೆ ಒತ್ತು ಹಲ್ಲಿನದು. ಮೇಲೆ ಮೇಲೆ ಸವರಿದರೆ ಸಾಲದು, ಅರಳೆಯ ನಾಲಿಗೆ ಮಾಡುತ್ತಿರುವುದೂ ಅದನ್ನೇ. ಕೂದಲನ್ನು ಸೀಳಿ ಚರ್ಮ ಕಾಣಿಸಿಕೊಂಡು ಬುಡದಿಂದ ಬಾಚಬೇಕು. ಮರಿಯಿದ್ದಾಗಿನಿಂದಲೇ ದಿನಕ್ಕೆ ಎರಡು ನಿಮಿಷ ಅಭ್ಯಾಸ ಮಾಡಿಸಿದರೆ ದೊಡ್ಡದಾದ ಮೇಲೆ ಜಗಳವಿಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆ 40 ಡಿಗ್ರಿ ಹತ್ತಿರ ಹೋಗುತ್ತದೆ. ಆಗ ಹೊಟ್ಟೆಯ ಕೂದಲು ಗಿಡ್ಡ ಮಾಡಿಸುತ್ತಾರೆ, ಕಲ್ಲು ನೆಲದ ಕೋಣೆ ಅವಳಿಗೇ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಸೆಖೆಯ ಮಾಮೂಲಿ ಅಲ್ಲ, ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು.

ಹನ್ನೊಂದು ತಿಂಗಳಾದಾಗ ಅರಳೆಯ ಕಿಡ್ನಿ ಸ್ಕ್ಯಾನ್ ಮಾಡಿಸಿದೆವು. ಎಡಗಡೆ ಎರಡು, ಬಲಗಡೆ ಒಂದು. ಪರದೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಪ್ಪು ಚುಕ್ಕೆಗಳು. ಗುಳ್ಳೆ ಕರಗಿಸುವ ಔಷಧ ಇಲ್ಲ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ನೀರಿನಂಶ ಹೆಚ್ಚಿರುವ ಊಟ, ಮನೆಯಲ್ಲಿ ನಾಲ್ಕು ಕಡೆ ನೀರಿನ ಬಟ್ಟಲು. ಮರಿ ಹಾಕದಂತೆ ಆಪರೇಷನ್ ಮಾಡಿಸಿದೆವು. ಮಾರಿದವರಿಗೆ ತಂಗಿ ಫೋನ್ ಮಾಡಿ, ತಾಯಿ ಬೆಕ್ಕಿಗೂ ತಂದೆಗೂ ಪರೀಕ್ಷೆ ಮಾಡಿಸಿ ಎಂದು ಹೇಳಿದಳು. ಅವರು ಆಯ್ತು ಅಂದರು.

ಅರಳೆಗೆ ಇದ್ಯಾವುದೂ ಗೊತ್ತಿಲ್ಲ. ಸಂಜೆ ದೀಪ ಹಚ್ಚಿ ಅಮ್ಮ ಕೂತರೆ ತಾನೇ ಬಂದು ತೊಡೆ ಏರುತ್ತಾಳೆ, ಬಾಚಣಿಗೆಯ ಸದ್ದಿಗೆ ಗುರುಗುಟ್ಟಲು ಶುರು ಮಾಡುತ್ತಾಳೆ. ಎಲ್ಲಾದರೂ ಸಿಕ್ಕು ಸಿಕ್ಕರೆ ಅಮ್ಮ ಎರಡು ಬೆರಳಲ್ಲಿ ಕೂದಲಿನ ಬುಡ ಒತ್ತಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತಾರೆ, ಎಳೆತ ಚರ್ಮಕ್ಕೆ ತಾಗದ ಹಾಗೆ. ನಮಗೆ ಜಡೆ ಹಾಕುವಾಗಲೂ ಹಾಗೇ ಹಿಡಿಯುತ್ತಿದ್ದರು.